ಹತ್ತು ಗಂಟೆಗೆ ಮಲಗದ ಹುಡುಗರು: ಫಿಸ್ಕ್ ವಿಶ್ವವಿದ್ಯಾಲಯದ 1925ರ ಮುಷ್ಕರ

1925ರ ಫೆಬ್ರವರಿ 4, ಬುಧವಾರ. ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರು. ಅಲ್ಲಿನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರೆಲ್ಲ ಕಪ್ಪು ಜನರ ಮಕ್ಕಳು. ಹಾಸ್ಟೆಲಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸಿ ಮಲಗಬೇಕು. ಅವತ್ತು ಹತ್ತು ಹೊಡೆದ ಮೇಲೆ ನೂರಕ್ಕೂ ಹೆಚ್ಚು ಹುಡುಗರು ಮಲಗಲಿಲ್ಲ, ಹೊರಗೆ ಬಂದರು. ಕೂಗಿದರು, ಹಾಡಿದರು. ಪ್ರಾರ್ಥನಾ ಮಂದಿರದ ಬೆಂಚು ಉರುಳಿಸಿದರು, ಕಿಟಕಿ ಗಾಜು ಒಡೆದರು. ನಡುನಡುವೆ ಅಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬರ ಹೆಸರು ಕೇಳುತ್ತಿತ್ತು: ‘ಡುಬಾಯ್ಸ್! ಡುಬಾಯ್ಸ್!’

ಹಾಸ್ಟೆಲ್ ಅನ್ನ ಉಂಡವರಿಗೆ ಇಂಥ ರಾತ್ರಿಗಳು ಗೊತ್ತು. ನಾನಿದ್ದ ಹಾಸ್ಟೆಲಲ್ಲೂ ಸಾರು ಬರೀ ನೀರು ಅಂತ ಒಂದು ರಾತ್ರಿ ತಟ್ಟೆ ಬಡಿದಿದ್ದೆವು. ವಾರ್ಡನ್ ಬಂದು ಬೈದರು, ಮನೆಗೆ ಕಾಗದ ಬರೀತೀನಿ ಅಂತ ಹೆದರಿಸಿದರು, ಹೋದರು. ಮರುದಿನ ಸಾರು ಮಾತ್ರ ಹಾಗೇ ಇತ್ತು.

ಫಿಸ್ಕ್‌ನಲ್ಲಿ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ಫೇಯೆಟ್ ಮೆಕೆಂಜಿ ಊರಿನ ಪೊಲೀಸರಿಗೆ ಹೇಳಿ ಕಳಿಸಿದರು. ಅವರೆಲ್ಲ ಬಿಳಿ ಪೊಲೀಸರು. ಬಂದೂಕು ಹಿಡಿದು ಕ್ಯಾಂಪಸ್‌ಗೆ ನುಗ್ಗಿದರು, ಹಾಸ್ಟೆಲಿನ ಬಾಗಿಲು ಮುರಿದರು, ಕೈಗೆ ಸಿಕ್ಕವರಿಗೆ ಹೊಡೆದರು. ಅವರಿಗೆ ಮೆಕೆಂಜಿ ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಅದರಲ್ಲಿ 7 ಹೆಸರಿದ್ದವು. ಗಮನಿಸಿ, ಅವು ಆ ರಾತ್ರಿ ಗಾಜು ಒಡೆದವರ ಹೆಸರುಗಳಲ್ಲ. ಹಿಂದಿನ ನವೆಂಬರಿನಲ್ಲಿ ಆಡಳಿತದ ಮೇಲೆ ದೂರು ಹೇಳಿದ್ದ ಮುಂದಾಳುಗಳ ಹೆಸರುಗಳು.

ಮರುದಿನದಿಂದ ತರಗತಿಗಳು ಬರಿದಾದವು. ಹತ್ತು ವಾರ ಕಳೆಯುವಷ್ಟರಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟಿದ್ದರು.

ಹುಡುಗರ ದಾಂಧಲೆ, ಮೇಷ್ಟರ ಸಿಟ್ಟು ಅಂತ ಇದನ್ನು ಬದಿಗಿಡಬಹುದಿತ್ತು. ಆದರೆ ಜಗಳದ ಬುಡದಲ್ಲಿ ಇದ್ದದ್ದು ದುಡ್ಡು. 10 ಲಕ್ಷ ಡಾಲರ್. ಅದನ್ನು ತರೋದಕ್ಕೆ ವಿದ್ಯಾರ್ಥಿಗಳು ಹೇಗೆ ಕಾಣಿಸಿಕೊಳ್ಳಬೇಕು ಅನ್ನೋದೇ ಇಡೀ ಪ್ರಕರಣ.

ಹಾಡಿ ಗಳಿಸಿದ ಕಟ್ಟಡ

ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. 1866ರ ಜನವರಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ನ್ಯಾಶ್‌ವಿಲ್‌ನಲ್ಲಿ ಒಂದು ಶಾಲೆ ತೆರೆಯಿತು. ಜಾಗ ಯಾವುದು ಅಂತೀರಿ? ಉತ್ತರದ ಸೈನ್ಯ ಬಿಟ್ಟುಹೋದ ಮರದ ಬ್ಯಾರಕ್‌ಗಳು. ಅವನ್ನು ಕೊಡಿಸಿದ ಜನರಲ್ ಕ್ಲಿಂಟನ್ ಫಿಸ್ಕ್ ಹೆಸರನ್ನೇ ಶಾಲೆಗೆ ಇಟ್ಟರು. ಕಲಿಯಲು ಬಂದವರಲ್ಲಿ 7 ವರ್ಷದ ಮಗುವೂ ಇತ್ತು, 70 ವರ್ಷದ ಮುದುಕರೂ ಇದ್ದರು. ಊರಿನಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿಯಿಂದ ತುಕ್ಕು ಹಿಡಿದ ಕೋಳ, ಸರಪಳಿಗಳನ್ನು ಆಯ್ದು ಗುಜರಿಗೆ ಮಾರಿ, ಆ ದುಡ್ಡಲ್ಲಿ ಕಾಗುಣಿತದ ಪುಸ್ತಕ ಕೊಂಡರು ಅಂತ ಫಿಸ್ಕ್‌ನಲ್ಲಿ ಇವತ್ತಿಗೂ ಹೇಳುತ್ತಾರೆ.

ಐದು ವರ್ಷಕ್ಕೆ ಶಾಲೆ ಸಾಲದಲ್ಲಿ ಮುಳುಗಿತು. ಖಜಾಂಚಿ ಜಾರ್ಜ್ ವೈಟ್ ಸಂಗೀತದ ಮೇಷ್ಟರೂ ಹೌದು. ವಿದ್ಯಾರ್ಥಿಗಳನ್ನು ಉತ್ತರದ ಊರುಗಳಿಗೆ ಕರೆದುಕೊಂಡು ಹೋಗಿ ಹಾಡಿಸೋಣ, ದುಡ್ಡು ಬರುತ್ತೆ ಅಂತ ಅವರ ಲೆಕ್ಕ. 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳು ಹೊರಟರು. ಅವರಲ್ಲಿ ಪಿಯಾನೋ ನುಡಿಸುವ ಎಲಾ ಶೆಪರ್ಡ್ ಅನ್ನುವ ಹುಡುಗಿ ಇದ್ದಳು. ಅವಳಪ್ಪ ಅವಳನ್ನು 350 ಡಾಲರ್ ಕೊಟ್ಟು ಗುಲಾಮಗಿರಿಯಿಂದ ಬಿಡಿಸಿದ್ದ. ಅವಳು ಫಿಸ್ಕ್‌ಗೆ ಬಂದಾಗ ಕೈಯಲ್ಲಿ ಇದ್ದದ್ದು 6 ಡಾಲರ್.

ಗುಲಾಮರು ಹೊಲಗಳಲ್ಲಿ, ಕದ್ದುಮುಚ್ಚಿ ಮಾಡುತ್ತಿದ್ದ ಪ್ರಾರ್ಥನೆಗಳಲ್ಲಿ ಹಾಡುತ್ತಿದ್ದ ಹಾಡುಗಳು ಈ ಹುಡುಗರಿಗೆಲ್ಲ ಬರುತ್ತಿದ್ದವು. ಆದರೆ ಪರರ ಮುಂದೆ ಹಾಡಲು ಮನಸ್ಸಿರಲಿಲ್ಲ. ಅವು ಅಪ್ಪ ಅಮ್ಮಂದಿರ ನೋವಿನ ಹಾಡುಗಳು, ಪವಿತ್ರ. ಜೊತೆಗೆ ಮರೆಯಬೇಕೆಂದುಕೊಂಡ ಕಾಲದವು. ಮೊದಮೊದಲು ಅವನ್ನು ವೈಟ್ ಅವರಿಗೆ ಹಾಡಿ ತೋರಿಸಿದ್ದು ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಮೆಲುದನಿಯಲ್ಲಿ.

ಪ್ರವಾಸದ ಆರಂಭ ಚೆನ್ನಾಗಿರಲಿಲ್ಲ. ಹೋಟೆಲುಗಳಲ್ಲಿ ಕೋಣೆ ಕೊಡಲಿಲ್ಲ. ಅದೇ ವಾರ ಷಿಕಾಗೋ ನಗರ ಬೆಂಕಿಗೆ ಸಿಕ್ಕಿ ಉರಿಯಿತು. ಓಹಾಯೋದ ಒಂದು ಸಂಗೀತ ಕಚೇರಿಯಲ್ಲಿ ಬಂದ 50 ಡಾಲರಿಗೂ ಕಮ್ಮಿ ಹಣವನ್ನು ಈ ಹುಡುಗರು ಹಾಗೇ ಷಿಕಾಗೋ ಪರಿಹಾರಕ್ಕೆ ಕೊಟ್ಟರು. ತಮಗೇ ಊಟಕ್ಕೆ ಗತಿಯಿಲ್ಲ, ಇನ್ನೊಬ್ಬರಿಗೆ ದಾನ! ನವೆಂಬರಿನಲ್ಲಿ ಓಬರ್ಲಿನ್ ಊರಿನ ಪಾದ್ರಿಗಳ ದೊಡ್ಡ ಸಭೆಯಲ್ಲಿ ಆ ಹಳೆಯ ಹಾಡುಗಳನ್ನು ಹಾಡಿದ ಮೇಲೆ ಗಾಳಿ ತಿರುಗಿತು. ಮುಂದೆ ನ್ಯೂಯಾರ್ಕ್, ಆಮೇಲೆ ಶ್ವೇತಭವನ, 1873ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಎದುರು. ‘ಜ್ಯೂಬಿಲಿ ಸಿಂಗರ್ಸ್’ ಅಂತ ಹೆಸರಾಯಿತು. ಮೊದಲ ಪ್ರವಾಸದಲ್ಲೇ 20,000 ಡಾಲರ್ ಬಂತು. ಸಾಲ ತೀರಿತು, ಹೊಸ ಜಾಗ ಬಂತು. 1876ರ ಜನವರಿ 1ರಂದು ಜ್ಯೂಬಿಲಿ ಹಾಲ್ ಉದ್ಘಾಟನೆಯಾಯಿತು. ಇವತ್ತೂ ಅದು ನಿಂತಿದೆ. (ತಂಡದ ಹಳಬ ಫ್ರೆಡರಿಕ್ ಲೌಡಿನ್ ಮುಂದೆ ಸ್ವಂತ ತಂಡ ಕಟ್ಟಿ 1884ರಿಂದ 1890ರವರೆಗೆ ಲೋಕ ಸುತ್ತಿದ. ಆಗ ಭಾರತಕ್ಕೂ ಬಂದು ಹಾಡಿ ಹೋಗಿದ್ದಾರೆ.)

ಈ ಕಾಲೇಜಿನ ಗೋಡೆಗಳೇ ವಿದ್ಯಾರ್ಥಿಗಳ ಗಂಟಲಿನ ದುಡಿಮೆ. ಈ ಮಾತನ್ನು ನೆನಪಲ್ಲಿ ಇಟ್ಟುಕೊಂಡರೆ ಮುಂದಿನದಕ್ಕೆ ಇನ್ನಷ್ಟು ಹೊಟ್ಟೆ ಉರಿಯುತ್ತದೆ.

ಮೆಕೆಂಜಿಯವರ ಲೆಕ್ಕ

ಮೆಕೆಂಜಿ ಬಂದದ್ದು 1915ರಲ್ಲಿ. ಬಿಳಿಯರು, ಸಮಾಜಶಾಸ್ತ್ರದ ಪ್ರೊಫೆಸರ್, ಓಹಾಯೋದಲ್ಲಿ ಪಾಠ ಮಾಡುತ್ತಿದ್ದವರು. ಕೆಟ್ಟ ಮನುಷ್ಯ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಫಿಸ್ಕ್ ಬರೀ ಹೆಸರಿಗೆ ವಿಶ್ವವಿದ್ಯಾಲಯ ಆಗಬಾರದು, ದೇಶದ ಒಳ್ಳೆಯ ಕಾಲೇಜುಗಳ ಸಾಲಿನಲ್ಲಿ ನಿಲ್ಲಬೇಕು ಅಂತ ಅವರ ಹಟ. ಅದಕ್ಕೆ ಮೇಷ್ಟರಿಗೆ ಸರಿಯಾದ ಸಂಬಳ ಬೇಕು, ಲೈಬ್ರರಿ, ಪ್ರಯೋಗಾಲಯ ಬೇಕು. ಅಂದರೆ ಪ್ರತಿ ವರ್ಷ ಬಡ್ಡಿ ತರುವ ದೊಡ್ಡ ಇಡುಗಂಟು ಬೇಕು.

ಅಂಥ ದುಡ್ಡು ಇದ್ದದ್ದು ಯಾರ ಹತ್ತಿರ? ರಾಕ್‌ಫೆಲರ್ ಹಣದಿಂದ ನಡೆಯುತ್ತಿದ್ದ ಜನರಲ್ ಎಜುಕೇಷನ್ ಬೋರ್ಡ್, ಕಾರ್ನೆಗಿ ಸಂಸ್ಥೆ, ಮತ್ತೆ ನ್ಯಾಶ್‌ವಿಲ್‌ನ ಬಿಳಿ ವ್ಯಾಪಾರಿಗಳು. ಬೋರ್ಡು 5 ಲಕ್ಷ ಡಾಲರ್ ಕೊಡಲು ಒಪ್ಪಿತು. ಉಳಿದ 5 ಲಕ್ಷ ನೀವು ಹೊಂದಿಸಿ ಅಂತ ಷರತ್ತು. 1924ರ ಹೊತ್ತಿಗೆ 10 ಲಕ್ಷದ ಗುರಿ ಮುಟ್ಟಿತು. ಕಪ್ಪು ಜನರ ಕಾಲೇಜಿಗೆ ಆಗ ಅದು ಕೇಳರಿಯದ ಮೊತ್ತ.

ಷರತ್ತು ಕಾಗದದಲ್ಲಿ ಇದ್ದದ್ದು ಅಷ್ಟು. ಕಾಗದದಲ್ಲಿ ಇಲ್ಲದ್ದು ಬೇರೆ. ದಕ್ಷಿಣದ ಬಿಳಿಯರಿಗೆ ಓದಿದ ಕಪ್ಪು ಹುಡುಗರ ಬಗ್ಗೆ ಭಯವಿತ್ತು. ಮೊದಲ ಮಹಾಯುದ್ಧದಲ್ಲಿ ಸಮವಸ್ತ್ರ ತೊಟ್ಟು ಬಂದ ಕಪ್ಪು ಸೈನಿಕರು ತಲೆಯೆತ್ತಿ ನಡೆಯುತ್ತಿದ್ದ ಕಾಲ ಅದು. ದಾನಿಗಳಿಗೆ ನಮ್ಮ ಮಕ್ಕಳು ಶಾಂತರು, ವಿಧೇಯರು ಅಂತ ತೋರಿಸಬೇಕು. ಹಾಗಂತ ಮೆಕೆಂಜಿಯವರಿಗೆ ಯಾರಾದರೂ ಬರೆದು ಕೊಟ್ಟಿದ್ದರೋ ಇಲ್ಲವೋ, ಅವರು ನಡೆದುಕೊಂಡದ್ದು ಮಾತ್ರ ಹಾಗೇ.

ಹಾಗಾಗಿ ನಿಯಮಗಳು ಬಂದವು. ವಿದ್ಯಾರ್ಥಿ ಸಂಘ ರದ್ದು. ಫಿಸ್ಕ್ ಹೆರಾಲ್ಡ್ ಅನ್ನುವ ವಿದ್ಯಾರ್ಥಿ ಪತ್ರಿಕೆ ಬಂದ್. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಶಾಖೆ ಕ್ಯಾಂಪಸ್ಸಿನಲ್ಲಿ ಬೇಡ. ಬೇರೆ ಕಾಲೇಜುಗಳಲ್ಲಿ ಇದ್ದ ವಿದ್ಯಾರ್ಥಿ ಬಳಗಗಳೂ ಬೇಡ. ಹುಡುಗ ಹುಡುಗಿ ಜೊತೆಯಾಗಿ ನಡೆದಾಡುವ ಹಾಗಿಲ್ಲ. ಹುಡುಗಿಯರು ಕತ್ತು ಮುಚ್ಚುವ, ತೋಳುದ್ದದ ಉಡುಪು ತೊಡಬೇಕು. ರೇಷ್ಮೆ ಕೂಡದು. ಕಾಲಿಗೆ ಹತ್ತಿಯ ಉದ್ದ ಕಾಲುಚೀಲ, ತಲೆಗೆ ಕಪ್ಪು ಟೋಪಿ.

ಆ ಕಾಲುಚೀಲದ ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. 1920ರ ದಶಕ ಅಂದರೆ ಅಮೆರಿಕದ ಹುಡುಗಿಯರು ಕೂದಲು ಕತ್ತರಿಸಿ, ಮೊಣಕಾಲವರೆಗಿನ ಉಡುಪು ಹಾಕಿ, ಜಾಜ್‌ಗೆ ಕುಣಿಯುತ್ತಿದ್ದ ಕಾಲ. ಈ ಹುಡುಗಿಯರು ಅದೇ ದೇಶದವರು, ಅದೇ ವಯಸ್ಸಿನವರು. ಅವರಿಗೆ ಮಾತ್ರ ಅಜ್ಜಿಯ ಕಾಲದ ಉಡುಪು. ಶಿಸ್ತಿಗಾಗಿ ಆದರೆ ಒಂದು ಮಾತು. ದೂರದಿಂದ ನೋಡುವ ದಾನಿಗೆ ಬೇಕಾದ ಹಾಗೆ ಉಡಬೇಕು ಅಂದರೆ ಮೈಯೆಲ್ಲ ಉರಿಯುವುದಿಲ್ಲವಾ?

ಹಳೆಯ ವಿದ್ಯಾರ್ಥಿಯ ಭಾಷಣ

ಡಬ್ಲ್ಯೂ.ಇ.ಬಿ. ಡುಬಾಯ್ಸ್ 1885ರಲ್ಲಿ, 17ನೇ ವಯಸ್ಸಿನಲ್ಲಿ ಫಿಸ್ಕ್‌ಗೆ ಓದಲು ಬಂದವರು. ಅವರ ಊರು ದೂರದ ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿ ಕಪ್ಪು ಮನೆಗಳು ಬೆರಳೆಣಿಕೆಯಷ್ಟು. ಫಿಸ್ಕ್‌ನ ಊಟದ ಮೇಜಿನ ಸುತ್ತ ತನ್ನಂಥವರೇ ಅಷ್ಟು ಜನ ಕೂತದ್ದನ್ನು ನೋಡಿ ಹುಡುಗ ಬೆರಗಾಗಿದ್ದ. ಅವನೇ ಮುಂದೆ ಹೆರಾಲ್ಡ್ ಪತ್ರಿಕೆಯ ಸಂಪಾದಕನಾದ. 1888ರಲ್ಲಿ ಡಿಗ್ರಿ ಮುಗಿಸಿ ಹಾರ್ವರ್ಡ್‌ಗೆ ಹೋದ. 1924ರ ಹೊತ್ತಿಗೆ ಡುಬಾಯ್ಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಎನ್‌ಎಎಸಿಪಿಯ ‘ಕ್ರೈಸಿಸ್’ ಪತ್ರಿಕೆ ಅವರ ಕೈಯಲ್ಲಿತ್ತು.

ಆ ವರ್ಷ ಅವರ ಮಗಳು ಯೋಲಾಂಡ್ ಫಿಸ್ಕ್‌ನಿಂದಲೇ ಡಿಗ್ರಿ ಪಡೆದಳು. ಜೂನ್ 2ರಂದು ಅಪ್ಪ ಅಲ್ಲಿ ಭಾಷಣ ಮಾಡಿದರು. ಮಗಳ ಪದವಿ ಸಮಾರಂಭಕ್ಕೆ ಹೋದ ಅಪ್ಪ ನಾಲ್ಕು ಒಳ್ಳೆಯ ಮಾತು ಹೇಳಿ ಬರುವುದು ರೂಢಿ. ಡುಬಾಯ್ಸ್ ಲ್ಯಾಟಿನ್‌ನಿಂದ ಶುರು ಮಾಡಿದರು. ರೋಮಿನ ಸಿಸೆರೋ ಸೆನೆಟ್ಟಿನ ಮುಂದೆ ಆಡಿದ ಮಾತು ಅದು: ಇಷ್ಟು ದಿನದ ನನ್ನ ಮೌನ ಇವತ್ತಿಗೆ ಮುಗಿಯಿತು ಅನ್ನುವ ಅರ್ಥದ್ದು.

ಆಮೇಲೆ ಒಂದೊಂದೇ ಬಿಚ್ಚಿದರು. ಇಲ್ಲಿ ಮಕ್ಕಳ ಉಸಿರು ಕಟ್ಟಿಸಲಾಗಿದೆ ಅಂದರು. ಮಾತಾಡುವ ಸ್ವಾತಂತ್ರ್ಯ ಇಲ್ಲದ ಕಡೆ ವಿದ್ಯೆ ಇರಲಾರದು ಅಂದರು. ಅವರು ಹೇಳಿದ ಒಂದು ಘಟನೆ ಕೇಳಿ. ಫಿಸ್ಕ್‌ನ ಹುಡುಗಿಯರ ಹಾಡಿನ ತಂಡವನ್ನು ಊರಿನ ಬಿಳಿ ಗಂಡಸರ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರು. ಮುಂಬಾಗಿಲಿನಿಂದ ಅಲ್ಲ. ಓಣಿಯ ಕಡೆಯಿಂದ, ಕೆಲಸದಾಳುಗಳು ಓಡಾಡುವ ಬಾಗಿಲಿನಿಂದ ಒಳಗೆ ಬಿಟ್ಟು, ನೆಲಮಾಳಿಗೆಯಲ್ಲಿ ಹಾಡಿಸಿದರಂತೆ.

1871ರಲ್ಲೂ ಫಿಸ್ಕ್ ಮಕ್ಕಳು ಬಿಳಿಯರ ಮುಂದೆ ಹಾಡಿದ್ದರು. ಬಾಗಿಲು ಮುಚ್ಚಿಕೊಂಡು ಕಾಪಾಡಿದ್ದ ಹಾಡನ್ನು ತಾವೇ ಮನಸ್ಸು ಮಾಡಿ ಹೊರಗೆ ತಂದಿದ್ದರು, ವೇದಿಕೆಯ ಮೇಲೆ ನಿಂತಿದ್ದರು. ಅವರ ಮೊಮ್ಮಕ್ಕಳ ವಯಸ್ಸಿನವರು ಹಿತ್ತಿಲ ಬಾಗಿಲಿಂದ ಹೋಗಬೇಕಾಯಿತು. ಸಭೆಯಲ್ಲಿ ಕೂತ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಡುಬಾಯ್ಸ್ ಅಷ್ಟಕ್ಕೇ ಬಿಡಲಿಲ್ಲ. ಕ್ಯಾಂಪಸ್ಸಿನಲ್ಲಿ ಮುಚ್ಚಿಸಿದ್ದ ಫಿಸ್ಕ್ ಹೆರಾಲ್ಡನ್ನು ನ್ಯೂಯಾರ್ಕಿನಿಂದ ಅದೇ ಹೆಸರಲ್ಲಿ ಮತ್ತೆ ಹೊರತಂದರು. ಹಳೆಯ ವಿದ್ಯಾರ್ಥಿಗಳು ಊರೂರಲ್ಲಿ ಸಭೆ ಸೇರಿದರು.

ನವೆಂಬರ್‌ನಿಂದ ಏಪ್ರಿಲ್

1924ರ ನವೆಂಬರಿನಲ್ಲಿ ಆಡಳಿತ ಮಂಡಳಿಯವರು ಕ್ಯಾಂಪಸ್‌ಗೆ ಬಂದಾಗ ವಿದ್ಯಾರ್ಥಿಗಳು ಘೋಷಣೆ ಕೂಗಿದರು. ಮಂಡಳಿಯ ಮುಖ್ಯಸ್ಥ ನ್ಯೂಯಾರ್ಕಿನ ದೊಡ್ಡ ವಕೀಲ ಪಾಲ್ ಕ್ರಾವತ್. ಇವರ ತಂದೆ ಎರಾಸ್ಟಸ್ ಕ್ರಾವತ್ ಫಿಸ್ಕ್ ಕಟ್ಟಿದವರಲ್ಲಿ ಒಬ್ಬರು, ಅದರ ಮೊದಲ ಅಧ್ಯಕ್ಷ. ವಿದ್ಯಾರ್ಥಿಗಳ ಬೇಡಿಕೆ ನೋಡಿ: ವಿದ್ಯಾರ್ಥಿ ಸಂಘ, ಪತ್ರಿಕೆ, ಆಟೋಟಕ್ಕೆ ಅವಕಾಶ, ಉಡುಪಿನಲ್ಲಿ ಸಡಿಲಿಕೆ. ಯಾರೂ ಆಕಾಶ ಕೇಳಿರಲಿಲ್ಲ. ಮೆಕೆಂಜಿ ಚೂರುಪಾರು ಬಿಟ್ಟುಕೊಟ್ಟರು. ಮುಖ್ಯವಾದದ್ದು ಹಾಗೇ ಉಳಿಯಿತು.

ಇದರ ನಡುವೆ ಡಿಸೆಂಬರ್ 15ರಂದು ಬೇರೆಯೇ ಒಂದು ಘೋರ ನಡೆದಿತ್ತು. 15 ವರ್ಷದ ಒಬ್ಬ ಕಪ್ಪು ಹುಡುಗ ಗುಂಡೇಟು ತಿಂದು ನ್ಯಾಶ್‌ವಿಲ್‌ನ ಆಸ್ಪತ್ರೆಯಲ್ಲಿ ಮಲಗಿದ್ದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಬಿಳಿಯರ ಗುಂಪು ಅವನನ್ನು ಹಾಸಿಗೆಯಿಂದಲೇ ಎತ್ತಿಕೊಂಡು ಹೋಗಿ, ಊರಾಚೆ ಮರಕ್ಕೆ ನೇಣು ಹಾಕಿತು.

ಇದಾಗಿ ಏಳು ವಾರ ಕಳೆದಿತ್ತು, ಫೆಬ್ರವರಿ 4 ಬಂದಾಗ. ಅದೇ ಊರಿನಲ್ಲಿ, ರಾತ್ರಿ ಹೊತ್ತು, ಬಂದೂಕು ಹಿಡಿದ ಬಿಳಿಯರನ್ನು ಕಪ್ಪು ಮಕ್ಕಳ ಹಾಸ್ಟೆಲಿಗೆ ಕಳಿಸಿದ್ದು ಅವರದೇ ಕಾಲೇಜಿನ ಅಧ್ಯಕ್ಷ. ನನ್ನ ಮಟ್ಟಿಗೆ ಪ್ರಕರಣದ ಗಂಟು ಇದೇ. ಗಾಜು ಒಡೆದದ್ದು ತಪ್ಪು, ಸರಿ. ಪೊಲೀಸರನ್ನು ಕರೆಯುವ ಅಧಿಕಾರ ಮೆಕೆಂಜಿಯವರಿಗೆ ಇತ್ತು, ಅದೂ ಸರಿ. ಆದರೆ ಹತ್ತು ವರ್ಷ ಆ ಮಕ್ಕಳ ನಡುವೆ ಇದ್ದ ಮನುಷ್ಯನಿಗೆ ಆ ಬೂಟಿನ ಸದ್ದು ಅವರ ಕಿವಿಗೆ ಹೇಗೆ ಕೇಳಿಸುತ್ತೆ ಅಂತ ಹೊಳೆಯಲಿಲ್ಲ. ಅಥವಾ ಹೊಳೆದರೂ ಕರೆಸಿದರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೋ ಹೇಳಲಾರೆ.

ಪಟ್ಟಿಯಲ್ಲಿದ್ದವರಲ್ಲಿ ಪೊಲೀಸರ ಕೈಗೆ ಸಿಕ್ಕವರ ಮೇಲೆ ದೊಡ್ಡ ಅಪರಾಧದ ಕೇಸು ಹಾಕಿದರು. ಆ ರಾತ್ರಿಯ ಗಲಾಟೆಯಲ್ಲಿ ಅವರಿದ್ದರು ಅನ್ನೋದಕ್ಕೆ ಪುರಾವೆ ಇರಲಿಲ್ಲ. ಕೇಸು ನಿಲ್ಲಲಿಲ್ಲ. ಆದರೆ ಊರು ಎದ್ದಿತ್ತು. ಅಲ್ಲಿಯವರೆಗೆ ಕಾಲೇಜಿನ ಜಗಳ ಅಂತ ದೂರ ಇದ್ದ ಕಪ್ಪು ವ್ಯಾಪಾರಿಗಳು, ಡಾಕ್ಟರುಗಳು, ಪಾದ್ರಿಗಳು ಚರ್ಚುಗಳಲ್ಲಿ ಸಭೆ ಸೇರಿ ವಿದ್ಯಾರ್ಥಿಗಳ ಪರ ನಿಂತರು. ಊರಿನ ಬಿಳಿ ಪತ್ರಿಕೆಗಳು, ವ್ಯಾಪಾರಿಗಳು ಅಧ್ಯಕ್ಷರ ಪರ. ಡುಬಾಯ್ಸ್ ತಮ್ಮ ಪತ್ರಿಕೆಯಲ್ಲಿ ಹುಡುಗರ ಗುಂಡಿಗೆಯನ್ನು ಬಾಯಿ ತುಂಬ ಹೊಗಳಿದರು.

ಮುಷ್ಕರ ಮುರಿಯಲಿಲ್ಲ. ಹಲವರು ಮೂಟೆ ಕಟ್ಟಿ ಊರಿಗೆ ಹೋದರು. ಒಂದು ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗ ಅರ್ಧ ವರ್ಷಕ್ಕೇ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರೆ ಅಪ್ಪ ಅಮ್ಮನಿಗೆ ಹೇಗಾಗಿರಬೇಡ. ಆದರೂ ಬಹಳಷ್ಟು ಮನೆಯವರು ಮಕ್ಕಳನ್ನು ವಾಪಸ್ ದಬ್ಬಲಿಲ್ಲ. ಏಪ್ರಿಲ್‌ನಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟು ಹೊರಟರು.

ಆಮೇಲೆ

ಬೇಡಿಕೆಗಳಲ್ಲಿ ಹೆಚ್ಚಿನವು ಈಡೇರಿದವು. ವಿದ್ಯಾರ್ಥಿ ಸಂಘ ಬಂತು, ಬಳಗಗಳು ಬಂದವು, ಉಡುಪಿನ ಬಿಗಿ ಸಡಿಲವಾಯಿತು. ಹೊಸ ಅಧ್ಯಕ್ಷ ಥಾಮಸ್ ಎಲ್ಸಾ ಜೋನ್ಸ್ ಕೂಡ ಬಿಳಿಯರೇ, ಆದರೆ ಮಾತು ಕೇಳುವ ಮನುಷ್ಯ. 1930ರಲ್ಲಿ ದಕ್ಷಿಣದ ಕಾಲೇಜುಗಳ ಮಾನ್ಯತಾ ಸಂಸ್ಥೆ ಫಿಸ್ಕ್‌ಗೆ ಮಾನ್ಯತೆ ಕೊಟ್ಟಿತು. ಕಪ್ಪು ಜನರ ಕಾಲೇಜುಗಳಲ್ಲಿ ಅದೇ ಮೊದಲು. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದಕ್ಕೆ ಪಾಯ ಹಾಕಿದ್ದು ಮೆಕೆಂಜಿ, ಅವರು ತಂದ ದುಡ್ಡು, ಅವರು ಏರಿಸಿದ ಮಟ್ಟ. ಹುಡುಗರು ಅವರನ್ನು ಓಡಿಸಿದರು, ಅವರು ಕೂಡಿಟ್ಟದ್ದು ಹುಡುಗರಿಗೇ ಬಂತು. ಇತಿಹಾಸ ಹೀಗೆಲ್ಲ ಮಾಡುತ್ತೆ.

ಗಾಳಿ ಫಿಸ್ಕ್‌ಗೆ ಮಾತ್ರ ಬೀಸಿದ್ದಲ್ಲ. ಅದೇ 1925ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಡ್ಡಾಯ ಮಿಲಿಟರಿ ಕವಾಯತಿನ ವಿರುದ್ಧ ಮುಷ್ಕರವಾಯಿತು. 1926ರಲ್ಲಿ ಅಲ್ಲಿ ಮೊದಲ ಕಪ್ಪು ಅಧ್ಯಕ್ಷರು ಬಂದರು. 1927ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ನಿನಲ್ಲಿ ಮುಷ್ಕರ. ಫಿಸ್ಕ್‌ಗೆ ಕಪ್ಪು ಅಧ್ಯಕ್ಷರು ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಜಾನ್ಸನ್ ಆ ಕುರ್ಚಿಯಲ್ಲಿ ಕೂತಾಗ ಕಾಲೇಜಿಗೆ 80 ವರ್ಷ ತುಂಬಿತ್ತು.

1960ರ ಫೆಬ್ರವರಿಯಲ್ಲಿ ನ್ಯಾಶ್‌ವಿಲ್ ಪೊಲೀಸರು ಮತ್ತೆ ಫಿಸ್ಕ್ ವಿದ್ಯಾರ್ಥಿಗಳನ್ನು ಹಿಡಿದರು. ಈ ಸಲ ಕಾರಣ ಬೇರೆ. ಪೇಟೆಯ ಅಂಗಡಿಗಳ ಊಟದ ಕೌಂಟರಿನಲ್ಲಿ ಕಪ್ಪು ಜನರಿಗೆ ಕೂರಲು ಬಿಡುತ್ತಿರಲಿಲ್ಲ. ಫಿಸ್ಕ್‌ನ ಡಯಾನ್ ನ್ಯಾಶ್ ಮತ್ತು ಊರಿನ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು ಹೋಗಿ ಸುಮ್ನೆ ಕೂತರು. ಬೈದರೂ ಹೊಡೆದರೂ ಕೈ ಎತ್ತಲಿಲ್ಲ. ಅವರಿಗೆ ಈ ಪಾಠ ಹೇಳಿಕೊಟ್ಟವರು ಜೇಮ್ಸ್ ಲಾಸನ್. 1950ರ ದಶಕದಲ್ಲಿ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧಿಯ ದಾರಿ ಓದಿಕೊಂಡು ಹೋದವರು. ಫೆಬ್ರವರಿ 27ರಂದು 81 ವಿದ್ಯಾರ್ಥಿಗಳ ಬಂಧನವಾಯಿತು. ಆಗ ಫಿಸ್ಕ್‌ನ ಅಧ್ಯಕ್ಷ ಸ್ಟೀಫನ್ ರೈಟ್. ಅವರು ಪೊಲೀಸರ ಕೈಗೆ ಪಟ್ಟಿ ಕೊಡಲಿಲ್ಲ. ನನ್ನ ವಿದ್ಯಾರ್ಥಿಗಳು ಮಾಡಿದ್ದು ಸರಿ ಅಂತ ಬಹಿರಂಗವಾಗಿ ನಿಂತರು. ಮೇ 10ರಂದು ಕೌಂಟರುಗಳು ಎಲ್ಲರಿಗೂ ತೆರೆದವು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು, ಅಲ್ವಾ? ಆದರೆ ಅದೇ 1960ರಲ್ಲಿ ನಿಕಿ ಜಿಯೋವಾನಿ ಅನ್ನುವ 17 ವರ್ಷದ ಹುಡುಗಿ ಫಿಸ್ಕ್‌ಗೆ ಸೇರಿದಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಅಜ್ಜ ಅಜ್ಜಿ ನಾಕ್ಸ್‌ವಿಲ್‌ನಲ್ಲಿದ್ದರು. ಹುಡುಗಿ ಡೀನ್ ಹತ್ತಿರ ಅನುಮತಿ ಕೇಳದೆ ಹಬ್ಬಕ್ಕೆ ಹೊರಟುಹೋದಳು. ವಾಪಸ್ ಬಂದಮೇಲೆ ಕಾಲೇಜು ಅವಳನ್ನು ಹೊರಗೆ ಹಾಕಿತು. ಕೆಲವು ವರ್ಷ ಕಳೆದು, ಡೀನ್ ಬದಲಾದ ಮೇಲೆ, ಅವಳು ಮತ್ತೆ ಬಂದು ಸೇರಿ 1967ರಲ್ಲಿ ಡಿಗ್ರಿ ಮುಗಿಸಿದಳು. ಆ ಹೊತ್ತಿಗೆ ಕವಿತೆ ಬರೆಯಲು ಶುರು ಮಾಡಿದ್ದಳು.